ಹೊರಟೆ, ತಲುಪಿದೆ, ಮುಗಿಯಿತು

ಬೆಳಗ್ಗೆ ಏಳೂವರೆಗೆ ಸ್ಟೋರಕ್ಕ ಆಫೀಸಿನ ಬಿಳಿ ಬೋರ್ಡನ್ನು ಒದ್ದೆ ಬಟ್ಟೆಯಿಂದ ಗಸಗಸ ತಿಕ್ಕಿ ಒರೆಸಿದ್ದೇ ಆ ದಿನದ ಎಲ್ಲ ರಗಳೆಗೂ ಮೂಲ.

ಆಕೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಬಿಡಿ. ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವ ಆ ಟೋಯಿಂಗ್ ಕಂಪನಿಯಲ್ಲಿ ಸರಪಳಿ, ಕೊಕ್ಕೆ, ಹಗ್ಗಗಳ ಉಸ್ತುವಾರಿ ಆಕೆಯದು. ದಿನವಿಡೀ ಗ್ರೀಸಿನ ನಡುವೆ ಇರುವ ಜೀವ, ಆದರೆ ಕೊಳೆ ಕಂಡರಾಗದು. ಬೋರ್ಡಿನ ಮೇಲೆ ಕಾಗೆ ಕಾಲು ಗುಬ್ಬಿ ಕಾಲಿನಂಥ ಅಕ್ಷರ ಕಂಡಿತು, ಒರೆಸಿದಳು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟಳು. ಯಾವ ಗಾಡಿ ಯಾವ ರಸ್ತೆಗೆ ಹೋಗಿದೆ ಎಂಬುದಕ್ಕೆ ಇಡೀ ಕಂಪನಿಯಲ್ಲಿ ಇದ್ದ ಒಂದೇ ದಾಖಲೆ ಅದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಅದನ್ನು ಗೀಚಿದ್ದವನು ಹಲೋ ಅಣ್ಣ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು, ಫೋನೆತ್ತಿ, ಐದು ಗಾಡಿಗಳನ್ನು ಊರ ತುಂಬ ಓಡಿಸುತ್ತಿದ್ದ. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ 'ಹಲೋ' ಅನ್ನುತ್ತಾನೆ ಎಂದು ಅವನ ಹೆಂಡತಿಯೇ ಒಮ್ಮೆ ಆಫೀಸಿಗೆ ಬಂದು ಹೇಳಿ ಹೋದ ಮೇಲೆ ಆ ಹೆಸರು ಅಂಟಿಕೊಂಡಿತ್ತು. ಮುಖ ತೊಳೆದು ಬಂದವನು ಬೋಳು ಬೋರ್ಡನ್ನು ನೋಡಿ ನಿಂತಲ್ಲೇ ನಿಂತ. ನೆನಪಿನ ಮೇಲೆ ಭಾರ ಹಾಕಿ ಮತ್ತೆ ಬರೆದ. ನೆನಪು ಕೈಕೊಟ್ಟಿತು. ಎಂಟೂಕಾಲಿಗೆ ಒಂದೇ ಕಾರಿಗೆ ಎರಡು ಗಾಡಿ ಹೋದವು. ಒಬ್ಬ ಮೂತಿಗೆ ಕೊಕ್ಕೆ ಹಾಕಿದ, ಇನ್ನೊಬ್ಬ ಹಿಂಭಾಗಕ್ಕೆ. ಇಬ್ಬರೂ 'ನಂಗೇ ಹೇಳಿದ್ದು' ಎಂದು ಹಟಕ್ಕೆ ಬಿದ್ದರು. ಕಾರಿನವನು ನಡುವೆ ಕೂತು ಎರಡೂ ಕಡೆಗೆ ಕೈ ಮುಗಿಯುತ್ತಿದ್ದನಂತೆ.

ಸುದ್ದಿ ಯಜಮಾನಮ್ಮನ ಕಿವಿಗೆ ಬಿತ್ತು. ಯಜಮಾನಮ್ಮ ಅಂದರೆ ಕಂಪನಿ ಕಟ್ಟಿದವರು. ಮಾತು ಕಡಿಮೆ, ಹೆಜ್ಜೆ ಜೋರು.

"ಸಾಕು ಈ ಬೋರ್ಡು," ಎಂದರು. "ಮೂರು ಜನ ಸಾಫ್ಟ್‌ವೇರ್‌ನೋರು ತಿಂಗಳಿಂದ ನನ್ನ ಬಾಗಿಲು ತಟ್ತಾ ಇದಾರೆ. ಮೂವರನ್ನೂ ಇವತ್ತೇ ಕರೆಸ್ತೀನಿ. ನೋಡಿ, ಓಡಿಸಿ, ಒಂದನ್ನ ಆರಿಸಿ."

"ಇವತ್ತೇನಾ ಮೇಡಂ?" ಹಲೋ ಅಣ್ಣನ ಮುಖ ಬಾಡಿತು. "ಇವತ್ತು ಐದೂವರೆಗೆ ಮಗಳ ಶಾಲೆ ನಾಟಕ. ರಜೆ ಕೇಳೋಣ ಅಂತಿದ್ದೆ. ಮೂರು ವರ್ಷದಿಂದ ಒಂದಕ್ಕೂ ಹೋಗೋಕಾಗಿಲ್ಲ."

"ನಾಲ್ಕು ಗಂಟೆಗೆ ಸಾಫ್ಟ್‌ವೇರ್ ಓಡ್ತಿದ್ರೆ ನೀವೂ ಹೊರಡಿ. ಅದೇ ನೋಡ್ಕೊಳ್ಳುತ್ತೆ. ಓಡದಿದ್ರೆ ನೀವೇ ಫೋನ್ ನೋಡ್ಕೊಬೇಕು, ಇನ್ಯಾರಿದ್ದಾರೆ ಹೇಳಿ?"

ಹಲೋ ಅಣ್ಣನಿಗೆ ನಿಂತ ನೆಲ ಒಂದಿಂಚು ಮೇಲೆದ್ದಂತಾಯಿತು. ಹೋದ ವಾರವಷ್ಟೇ ಮಗಳು ಎದುರು ಬಂದು ನಿಂತು, "ಅಪ್ಪಾ, ಈ ಸಲ ನಾನಿಲ್ದೆ ನಾಟಕ ಶುರುನೇ ಆಗಲ್ಲ, ಗೊತ್ತಾ?" ಅಂದಿದ್ದಳು. ಏನು ಪಾತ್ರವೇ ಎಂದು ಕೇಳುವಷ್ಟರಲ್ಲಿ ಫೋನ್ ಬಂದಿತ್ತು. ರಾಣಿಯೇ ಇರಬೇಕು ಎಂದು ಅವನೇ ತೀರ್ಮಾನಿಸಿಕೊಂಡಿದ್ದ. ಇವತ್ತು ಆಕಾಶ ಭೂಮಿ ಒಂದಾದರೂ ಸಾಫ್ಟ್‌ವೇರ್ ಆರಿಸಿಯೇ ಸಿದ್ಧ ಎಂದು ಮೇಜಿನ ಧೂಳು ಒರೆಸಿ ಕೂತ.

ಮೊದಲು ಬಂದವನು ಟೈ ಕಟ್ಟಿದ್ದ. "ಸರ್, ನಮ್ಮದು ಮಾಹಿತಿ ಪೂರ್ತಿ ತಗೊಳ್ಳದೆ ಗಾಡಿ ಕಳಿಸೋದೇ ಇಲ್ಲ," ಎಂದು ಹೆಮ್ಮೆಯಿಂದ ಪರದೆ ತೆರೆದ. ಅಷ್ಟರಲ್ಲಿ ಫೋನ್ ಬಂತು. ನಾಲ್ಕು ರಸ್ತೆ ಸೇರುವ ನಟ್ಟನಡುವೆ ಒಬ್ಬನ ಗಾಡಿ ನಿಂತಿತ್ತು, ಸುತ್ತಲಿನ ಹಾರ್ನ್ ಸದ್ದು ಇಲ್ಲಿಯವರೆಗೆ ಕೇಳುತ್ತಿತ್ತು.

"ಹೆಸರು ಹೇಳಿ. ಗಾಡಿ ಬಣ್ಣ? ಕೊಂಡ ವರ್ಷ? ಮುಂಚೆ ಯಾವಾಗಾದ್ರೂ ಕೆಟ್ಟಿತ್ತಾ? ಯಾವ ತಿಂಗಳು?" ಹಲೋ ಅಣ್ಣ ಪರದೆ ನೋಡಿ ಒಂದೊಂದೇ ಕೇಳಿದ. ಒಂದು ಖಾನೆ ಖಾಲಿ ಬಿಟ್ಟರೂ ಪರದೆ ಕೆಂಪಾಗಿ ಮುಂದಕ್ಕೆ ಬಿಡುತ್ತಿರಲಿಲ್ಲ.

"ಸ್ವಾಮೀ, ನಂಗೆ ಇಲ್ಲಿ ಜನ ಹೊಡೆಯೋಕೆ ಬರ್ತಿದಾರೆ!" ಎಂದ ಆ ಕಡೆಯವನು.

"ಆಯ್ತು ಆಯ್ತು, ಇನ್ನು ಹದಿನೇಳೇ ಪ್ರಶ್ನೆ. ನಮ್ಮ ವಿಷಯ ನಿಮಗೆ ಹೇಗೆ ಗೊತ್ತಾಯ್ತು? ಗೆಳೆಯರಿಂದಲೋ, ನೆಂಟರಿಂದಲೋ?"

"ಬೇಡ ಬಿಡಿ, ತಳ್ಕೊಂಡೇ ಹೋಗ್ತೀನಿ!"

ಫೋನ್ ಕಟ್ ಆಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸ್ಟೋರಕ್ಕ, "ಹೆಣ್ಣು ನೋಡೋಕೆ ಬಂದೋರೂ ಇಷ್ಟು ಕೇಳಲ್ಲಪ್ಪ," ಎಂದಳು. ಟೈ ಕಟ್ಟಿದವನಿಗೆ ನಮಸ್ಕಾರ ಹೇಳಿ ಕಳಿಸಿದ್ದಾಯಿತು.

ಎರಡನೆಯವನು ನಕ್ಷೆ ತಂದ. ಊರಿಗೆ ಊರೇ ಪರದೆಯ ಮೇಲೆ ಹರಡಿಕೊಂಡಿತು. "ಅತಿ ಹತ್ತಿರದ ದಾರಿ ಹುಡುಕುತ್ತೆ ಸರ್. ಡ್ರೈವರ್ ಯೋಚನೆ ಮಾಡೋದೇ ಬೇಡ. ಒಬ್ಬ ಹೆಂಗಸು ದಾರಿ ಹೇಳ್ತಾ ಹೋಗ್ತಾಳೆ."

ಪರೀಕ್ಷೆಗೆ ಸಿಕ್ಕವರು ದೊಡ್ಡಪ್ಪ. ಕಂಪನಿಯ ಹಿರಿಯ ಡ್ರೈವರ್, ಎಲ್ಲರೂ ಕರೆಯುವುದೇ ಹಾಗೆ. ಮೂವತ್ತು ವರ್ಷದಿಂದ ಊರಿನ ಸಂದುಗೊಂದಿ ಸುತ್ತಿದವರು. ಆದರೆ ಹೇಳಿದ ಮಾತು ಮೀರುವವರಲ್ಲ. ಮೊಬೈಲನ್ನು ಮುಂದಿನ ಗಾಜಿಗೆ ಅಂಟಿಸಿಕೊಂಡು ಹೊರಟರು. ಹದಿನೈದು ನಿಮಿಷ ಆಗಿರಲಿಲ್ಲ, ಫೋನ್.

"ಹಲೋ ಅಣ್ಣಾ, ಈಯಮ್ಮ ಎಡಕ್ಕೆ ತಿರುಗು ಅಂತಾಳೆ. ಎಡಕ್ಕೆ ಮೆಟ್ಟಿಲಿದೆ."

"ಮೆಟ್ಟಿಲಾ?"

"ಹೂಂ. ಮಾರ್ಕೆಟ್ ಹಿಂದಿನ ಮೆಟ್ಟಿಲು. ನಾನು ಬೇಡ ಕಣಮ್ಮ ಅಂದೆ. ಕೇಳಲ್ಲ, ಹೇಳಿದ್ದನ್ನೇ ಹೇಳ್ತಾಳೆ. ಏನು ಮಾಡ್ಲಿ?"

"ಅಯ್ಯೋ, ಹಿಂದಕ್ಕೆ ಬನ್ನಿ ದೊಡ್ಡಪ್ಪ!"

"ಬರೋಕಾಗಲ್ಲಪ್ಪ. ಮುಂದಿನ ಚಕ್ರ ಎರಡು ಮೆಟ್ಟಿಲು ಇಳಿದುಬಿಟ್ಟಿದೆ."

ಎಳೆಯಲು ಹೋದ ಗಾಡಿಯನ್ನು ಎಳೆದು ತರಲು ಇನ್ನೊಂದು ಗಾಡಿ ಹೋಯಿತು. ಮಾರ್ಕೆಟ್ಟಿನವರೆಲ್ಲ ವ್ಯಾಪಾರ ಬಿಟ್ಟು ನೋಡಲು ನಿಂತರು. ದೊಡ್ಡಪ್ಪ ವಾಪಸು ಬಂದವರೇ ಮೊಬೈಲನ್ನು ಮೇಜಿನ ಮೇಲಿಟ್ಟು, "ಆಯಮ್ಮನ್ನ ಅವರ ಮನೆಗೆ ಕಳಿಸಿಬಿಡಿ, ನಂಗೂ ಅವಳಿಗೂ ಆಗಿ ಬರಲ್ಲ," ಎಂದರು. ಆಗ ಗಂಟೆ ಎರಡೂವರೆ. ನಕ್ಷೆಯವನು ಅಷ್ಟರಲ್ಲೇ ಮಾಯವಾಗಿದ್ದ.

ಮೂರನೆಯವಳು ಬಂದದ್ದು ಮೂರಕ್ಕೆ. ನಗುಮುಖದ ಹೆಂಗಸು, ಕೈಯಲ್ಲಿ ಒಂದು ತೆಳ್ಳನೆ ಪರದೆ ಅಷ್ಟೇ. "ನಮ್ಮದರಲ್ಲಿ ಮೂರೇ ಮೂರು ಬಟನ್. ಡ್ರೈವರ್ ಹೊರಟಾಗ 'ಹೊರಟೆ', ಮುಟ್ಟಿದಾಗ 'ತಲುಪಿದೆ', ಗಾಡಿ ಇಳಿಸಿದಾಗ 'ಮುಗಿಯಿತು'. ಗಿರಾಕಿಗೆ ಸುದ್ದಿ ತಾನೇ ಹೋಗುತ್ತೆ. ನಿಮಗೆ ಫೋನೇ ಬೇಕಾಗಲ್ಲ."

ಫೋನೇ ಬೇಕಾಗಲ್ಲ! ಹಲೋ ಅಣ್ಣನಿಗೆ ಆಕೆಯ ಕಾಲಿಗೆ ಬೀಳುವುದೊಂದು ಬಾಕಿ. ಐವರು ಡ್ರೈವರುಗಳ ಮೊಬೈಲಿಗೂ ಅದನ್ನು ಹಾಕಿಸಿದ. ಗೋಡೆಯ ಮೇಲೆ ದೊಡ್ಡ ಪರದೆ ತೂಗುಹಾಕಿದರು. ಬಂದ ಕರೆಗಳನ್ನೆಲ್ಲ ಅದಕ್ಕೇ ತಿರುಗಿಸಿದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ಕಂಪನಿಯ ಡ್ರೈವರುಗಳು ಒಳ್ಳೆಯವರೇ, ಆದರೆ ಎಲ್ಲಿದ್ದೀಯ ಎಂದು ಕೇಳಿದರೆ ಇದ್ದ ಜಾಗ ಹೇಳಿದ ದಾಖಲೆ ಇಲ್ಲ. 'ಸೇತುವೆ ದಾಟಿದೆ' ಅಂದರೆ ಸೇತುವೆಗೆ ಹೋಗುವ ವಿಚಾರ ಮನಸ್ಸಿಗೆ ಬಂದಿದೆ ಎಂದರ್ಥ. 'ಇನ್ನೇನು ಬಂದೆ' ಅಂದರೆ ಎದ್ದು ಚಪ್ಪಲಿ ಹುಡುಕುತ್ತಿದ್ದಾನೆ ಎಂದರ್ಥ. ಹಲೋ ಅಣ್ಣನಿಗೆ ಇದೆಲ್ಲ ಬಾಯಿಪಾಠ. ಅವರು ಹೇಳಿದ್ದರಲ್ಲಿ ಇಷ್ಟು ಕಳೆದು, ಇಷ್ಟು ಕೂಡಿಸಿ, ಗಿರಾಕಿಗೆ ಸರಿಯಾದ ಹೊತ್ತು ಹೇಳುತ್ತಿದ್ದ. ಇಪ್ಪತ್ತು ವರ್ಷ ಕಂಪನಿ ನಡೆದದ್ದೇ ಹಾಗೆ. ಪಾಪ, ಆ ಮೂರು ಬಟನ್ನಿನ ಸಾಫ್ಟ್‌ವೇರಿಗೆ ಇದು ಗೊತ್ತಿಲ್ಲ. ಅದು ಹೇಳಿದ್ದನ್ನು ಹೇಳಿದ ಹಾಗೇ ನಂಬಿತು.

ಮೂರೂ ಮುಕ್ಕಾಲಿಗೆ ಯಜಮಾನಮ್ಮ ಬಂದು ನೋಡಿದರು. ಪರದೆಯ ತುಂಬ ಹಸಿರು. ಹನ್ನೊಂದು ಕೆಲಸಕ್ಕೆ ಹನ್ನೊಂದೂ ಮುಗಿದಿತ್ತು. ಒಂದೊಂದಕ್ಕೆ ಹಿಡಿದ ಹೊತ್ತು ಸರಾಸರಿ ಎರಡು ನಿಮಿಷ.

"ಎರಡೇ ನಿಮಿಷ!" ಯಜಮಾನಮ್ಮನ ಕಣ್ಣು ಅರಳಿತು. "ಇಷ್ಟು ದಿನ ಮುಕ್ಕಾಲು ಗಂಟೆ ಹಿಡೀತಿತ್ತಲ್ಲ!"

"ತಂತ್ರಜ್ಞಾನ ಮೇಡಂ," ಎಂದಳು ನಗುಮುಖದವಳು. ಅವಳಿಗೂ ಒಳಗೊಳಗೇ ಆಶ್ಚರ್ಯವಾದಂತಿತ್ತು.

ಹಲೋ ಅಣ್ಣ ಕಿಟಕಿಯತ್ತ ನೋಡಿದ. ಹನ್ನೊಂದನೆಯ ಕೆಲಸ 'ಮುಗಿಸಿದ' ನಾಲ್ಕನೇ ಗಾಡಿ ಅಂಗಳದಲ್ಲೇ ನಿಂತಿತ್ತು. ಅದರ ನೆರಳಿನಲ್ಲಿ ಚೀಟಿ ಡ್ರೈವರ್ ಕೂತು ಟೀ ಆರಿಸಿಕೊಳ್ಳುತ್ತಿದ್ದ. ಹೋಗಬೇಕಾದ ವಿಳಾಸಗಳನ್ನು ಚೀಟಿಯಲ್ಲಿ ಬರೆದು ಕಿವಿಗೆ ಸಿಕ್ಕಿಸಿಕೊಳ್ಳುವವನು ಅವನು. ಹಲೋ ಅಣ್ಣ ಹೊರಗೆ ಹೋಗಿ ಮೆಲ್ಲಗೆ ಕೇಳಿದ, "ಏನೋ ಇದು? ಮುಗಿಯಿತು ಅಂತ ಒತ್ತಿದೀಯ?"

"ಹೇಗೂ ಮೂರೂ ಒತ್ತಲೇಬೇಕಲ್ಲ ಅಣ್ಣ. ಆಮೇಲೆ ಗಾಡಿ ಓಡಿಸ್ತಾ ಮರೆತುಹೋದ್ರೆ? ಅದಕ್ಕೇ ಮೊದಲೇ ಮೂರನ್ನೂ ಒಟ್ಟಿಗೆ ಒತ್ತಿ ಕೈ ತೊಳ್ಕೊಂಡೆ. ಎಲ್ಲರೂ ಹಾಗೇ ಮಾಡಿದೀವಿ. ಈಗ ನಿಧಾನಕ್ಕೆ ಕೆಲಸ ಮಾಡ್ಕೋಬಹುದು."

ಹಲೋ ಅಣ್ಣ ಒಳಗೆ ಬಂದ. ಹೇಳಬೇಕೆಂದು ಬಾಯಿ ತೆರೆದ. ಗಡಿಯಾರ ನೋಡಿದ. ನಾಲ್ಕಕ್ಕೆ ಐದು ನಿಮಿಷ. ಹೇಳಿದರೆ ಸಾಫ್ಟ್‌ವೇರ್ ಬಿತ್ತು, ನಾಟಕ ಹೋಯಿತು, ಮಗಳ ಮುಖ ನಾಲ್ಕನೇ ವರ್ಷವೂ ಸಣ್ಣದಾಯಿತು. ಹೇಳದಿದ್ದರೆ... ಒಂದು ಸಂಜೆ ತಾನೇ? ನಾಳೆ ಬೆಳಗ್ಗೆ ಬಂದ ಕೂಡಲೇ ಎಲ್ಲ ಹೇಳಿಬಿಟ್ಟರಾಯಿತು.

"ಏನೋ ಹೇಳೋಕೆ ಬಂದ್ರಿ?" ಎಂದರು ಯಜಮಾನಮ್ಮ.

"ಇದೇ ಇರಲಿ ಮೇಡಂ," ಎಂದ ಹಲೋ ಅಣ್ಣ.

ಮನೆಗೆ ಹೋಗಿ ಬೆಲ್ ಒತ್ತಿದಾಗ ಹೆಂಡತಿ ಬಾಗಿಲನ್ನು ಅರ್ಧ ತೆರೆದು, "ಕೆಲಸ ಹೋಯ್ತಾ?" ಎಂದಳು.

"ನಾಟಕಕ್ಕೆ ಬಂದೆ ಕಣೇ!"

ಅವಳು ಅವನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟಳು. ಮಗಳು ಮಧ್ಯಾಹ್ನದಿಂದ ಶಾಲೆಯಲ್ಲೇ ಇದ್ದಳು. ನಾಟಕ ನಡೆಯುವ ಸಭಾಂಗಣ ಊರಿನ ಇನ್ನೊಂದು ಬದಿಗೆ, ಮಕ್ಕಳನ್ನೂ ವೇಷದ ಸಾಮಾನನ್ನೂ ಶಾಲೆಯ ವ್ಯಾನೇ ಕರೆತರುವುದೆಂದು ಏರ್ಪಾಡು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಲೋ ಅಣ್ಣ ಐದೂಕಾಲಿಗೇ ಮೊದಲ ಸಾಲಿನಲ್ಲಿ ಹೋಗಿ ಕೂತ. ಕೂತ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಈ ಹೊತ್ತಿಗೆ ಅದು ಖಾಲಿ ಇದ್ದದ್ದೇ ಇಲ್ಲ.

ಐದೂವರೆ ಆಯಿತು. ಪರದೆ ಏಳಲಿಲ್ಲ. ಐದೂ ಮುಕ್ಕಾಲು. ಹಿಂದಿನ ಸಾಲುಗಳಲ್ಲಿ ಗುಸುಗುಸು ಶುರುವಾಯಿತು. ಆಮೇಲೆ ಮುಖ್ಯೋಪಾಧ್ಯಾಯಿನಿ ಮೈಕಿನ ಮುಂದೆ ಬಂದು ನಿಂತರು.

"ದಯವಿಟ್ಟು ಕ್ಷಮಿಸಿ. ಮಕ್ಕಳು ಬರುತ್ತಿದ್ದ ವ್ಯಾನ್ ನಾಲ್ಕೂ ಮುಕ್ಕಾಲಿಗೆ ದೊಡ್ಡ ವೃತ್ತದ ಹತ್ತಿರ ಕೆಟ್ಟು ನಿಂತಿದೆ. ಟೀಚರ್ ಜೊತೆಗಿದ್ದಾರೆ, ಮಕ್ಕಳು ಕ್ಷೇಮ. ಆಗಲೇ ಟೋಯಿಂಗ್ ಕಂಪನಿಗೆ ಹೇಳಿದೆವು. ಮತ್ತೆ ಮತ್ತೆ ಕೇಳಿದರೂ ಅವರಿಂದ ಬರುವ ಸಂದೇಶ ಇದೊಂದೇ..." ಮೊಬೈಲನ್ನು ದೂರ ಹಿಡಿದು ಓದಿದರು. "'ನಿಮ್ಮ ವಾಹನವನ್ನು ಯಶಸ್ವಿಯಾಗಿ ತಲುಪಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?'"

ಸಭಾಂಗಣದಲ್ಲಿ ಒಬ್ಬರಾದ ಮೇಲೆ ಒಬ್ಬರು ಆ ಕಂಪನಿಯ ವಂಶವನ್ನೆಲ್ಲ ಜಾಲಾಡತೊಡಗಿದರು. ಹಲೋ ಅಣ್ಣನ ಹೆಂಡತಿ ಕತ್ತನ್ನು ನಿಧಾನವಾಗಿ ಅವನ ಕಡೆ ತಿರುಗಿಸಿದಳು. ಆ ನೋಟಕ್ಕಿಂತ ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು.

ಅವನಿಗೆ ಕುರ್ಚಿಯಡಿ ನುಸುಳಿಹೋಗೋಣ ಎನಿಸಿತು. ತಾನು ಬಾಯಿ ಮುಚ್ಚಿಕೊಂಡದ್ದರಿಂದ ರಸ್ತೆ ಮಧ್ಯೆ ಕೂತಿರುವುದು ತನ್ನದೇ ಮಗಳು! ನಾಚಿಕೆ, ಹೆದರಿಕೆ, ಸಿಟ್ಟು ಮೂರೂ ಒಟ್ಟಿಗೆ ನುಗ್ಗಿ ಬಂದವು. ಎದ್ದು ನಿಂತ.

"ಮೇಡಂ, ತಪ್ಪು ನಂದೇ. ಆ ಕಂಪನಿಯವನು ನಾನೇ," ಎಂದು ಹೇಳಿದವನೇ, ಜನ ಸುಧಾರಿಸಿಕೊಂಡು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವ ಮೊದಲೇ ಫೋನ್ ಕಿವಿಗಿಟ್ಟುಕೊಂಡು ವೇದಿಕೆಯ ಪಕ್ಕಕ್ಕೆ ಓಡಿದ.

"ಹಲೋ! ಎಲ್ಲಿದೀಯ?"

"ರಿಂಗ್ ರಸ್ತೆಯಲ್ಲಿ ಅಣ್ಣ, ಗಾಡಿ ಓಡಿಸ್ತಾ ಇದೀನಿ," ಎಂದ ಚೀಟಿ ಡ್ರೈವರ್.

"ಓಡಿಸ್ತಿರೋ ಗಾಡಿಯಲ್ಲಿ ಚಮಚ ಯಾಕೋ ಕಣಕಣ ಅಂತಿದೆ? ಟೀ ಅಂಗಡಿ ಬೆಂಚಿಂದ ಏಳು. ಶಾಲೆ ವ್ಯಾನ್ ಕೆಲಸ ಏನಾಯ್ತು?"

"ಅದಾ? ಮೂರೂ ಒತ್ತಿದ ಕೂಡ್ಲೇ ಪರದೆಯಿಂದಲೇ ಹೊರಟುಹೋಯ್ತಣ್ಣ. ಚೀಟಿಯಲ್ಲಿ ಬರ್ಕೊಳ್ಳೋಕೂ ಬಿಡಲಿಲ್ಲ. ಮುಗಿದೇ ಹೋಯ್ತೇನೋ ಅಂದ್ಕೊಂಡೆ."

"ಅದರಲ್ಲಿ ನನ್ನ ಮಗಳಿದಾಳೆ ಕಣೋ!"

ಆ ಕಡೆ ಲೋಟ ಬಿದ್ದ ಸದ್ದಾಯಿತು. ಮುಂದಿನ ಇಪ್ಪತ್ತು ನಿಮಿಷ ಹಲೋ ಅಣ್ಣ ಯಾವ ಪರದೆಯನ್ನೂ ನೋಡದೆ ಕಣ್ಣು ಮುಚ್ಚಿಕೊಂಡೇ ಊರನ್ನು ನಡೆಸಿದ. ಚೀಟಿ ಡ್ರೈವರನಿಗೆ ವೃತ್ತದ ಎಡ ಸಂದಿನಿಂದ ಹೋಗು, ಈ ಹೊತ್ತಿಗೆ ಮುಖ್ಯರಸ್ತೆ ತುಂಬಿರುತ್ತೆ ಎಂದ. ದೊಡ್ಡಪ್ಪನಿಗೆ ಅಗಲ ಬೆನ್ನಿನ ದೊಡ್ಡ ಗಾಡಿ ತಗೊಂಡು ಆಸ್ಪತ್ರೆ ಹಿಂದಿನಿಂದ ಬನ್ನಿ ಎಂದ. ನಡುವೆ ಇನ್ನೂ ಎಷ್ಟೋ ಜನ ಗಿರಾಕಿಗಳು ರಸ್ತೆಯಲ್ಲಿ ನಕ್ಷತ್ರ ಎಣಿಸುತ್ತ ಕೂತಿರುವುದು ನೆನಪಾಗಿ ಉಳಿದ ಮೂವರನ್ನು ಅತ್ತ ಅಟ್ಟಿದ. ಬೈಯಬೇಕೆಂದು ಎದ್ದು ಬಂದಿದ್ದ ಅಪ್ಪಂದಿರು ಸುತ್ತ ನಿಂತು ಕೇಳಿಸಿಕೊಂಡರು. ಒಬ್ಬಾತ ನೀರು ತಂದುಕೊಟ್ಟ. ಇನ್ನೊಬ್ಬ ಮೆಲ್ಲಗೆ, "ನಮ್ಮ ಕಾರೂ ಒಂದು ವಾರದಿಂದ..." ಎಂದು ಶುರುಮಾಡಿದ.

ಆರೂ ಹತ್ತಕ್ಕೆ ಹೊರಗೆ ಹಾರ್ನ್ ಕೇಳಿಸಿತು. ದೊಡ್ಡಪ್ಪನ ಗಾಡಿಯ ಬೆನ್ನ ಮೇಲೆ ವ್ಯಾನು, ಗಾಡಿಯ ಮುಂಭಾಗದಲ್ಲೂ ಹಿಂದೆ ಬಂದ ಚೀಟಿಯ ಗಾಡಿಯಲ್ಲೂ ಮಕ್ಕಳು. ರಾಜ ಕಿಟಕಿಯಿಂದ ಕಿರೀಟ ಹೊರಗೆ ಹಾಕಿ ಜನರತ್ತ ಕೈ ಬೀಸುತ್ತಿದ್ದ. ಇಷ್ಟು ಚೆಂದದ ಪ್ರವೇಶ ಯಾವ ರಾಜನಿಗೂ ಸಿಕ್ಕಿರಲಾರದು. ಜನ ಎದ್ದು ಚಪ್ಪಾಳೆ ತಟ್ಟಿದರು. ಮಕ್ಕಳು ಹಿಂಬಾಗಿಲಿನಿಂದ ದಡದಡ ಒಳಗೆ ಓಡಿದರು. ಆ ನೂಕುನುಗ್ಗಲಲ್ಲಿ ಮಗಳ ಜಡೆಯ ತುದಿ ಮಾತ್ರ ಹಲೋ ಅಣ್ಣನಿಗೆ ಕಂಡಿತು.

ಆಗಲೇ ಯಜಮಾನಮ್ಮನ ಫೋನ್.

"ಮೇಡಂ, ನಾಲ್ಕು ಗಂಟೆಗೇ ನಂಗೆ ಗೊತ್ತಿತ್ತು. ನಾಟಕದ ಆಸೆಗೆ ಹೇಳಲಿಲ್ಲ," ಎಂದು ಅವನು ಒಂದೇ ಉಸಿರಿಗೆ ಒಪ್ಪಿಕೊಂಡ.

"ನಾಚಿಕೆ ಆಗ್ಬೇಕು ನಿಮಗೆ," ಎಂದರು ಯಜಮಾನಮ್ಮ.

"ಆಗಿದೆ ಮೇಡಂ."

"ಸಾಫ್ಟ್‌ವೇರ್ ಕೊಂಡಿದ್ದಾಯ್ತು, ವಾಪಸ್ ಮಾಡೋಕಾಗಲ್ಲ. ಒಳ್ಳೇದೇ ಅದು. ಯಾರು ಏನು ಹೇಳಿದ್ರೂ ನಂಬುತ್ತೆ ಅಷ್ಟೆ. ನಾಳೆಯಿಂದ ಅದರ ಪಕ್ಕ ಕೂತು ಯಾವುದು ನಿಜ ಯಾವುದು ಸುಳ್ಳು ಅಂತ ಅದಕ್ಕೆ ನೀವೇ ಹೇಳಿಕೊಡಿ. ಫೋನೂ ನೀವೇ ನೋಡ್ಕೊಳ್ಳಿ. ಹೊಸ ಬೋರ್ಡೂ ತರಿಸ್ತೀನಿ." ಕೊನೆಗೆ ದನಿ ಒಂಚೂರು ಮೆತ್ತಗಾಯಿತು. "ಈಗ ಫೋನ್ ಆಫ್ ಮಾಡಿ ನಾಟಕ ನೋಡಿ. ಅದು ಮುಗಿಯೋವರೆಗೆ ನಾನೇ ಕುರ್ಚಿಯಲ್ಲಿ ಕೂತಿರ್ತೀನಿ."

ಬೆಳಗ್ಗೆ ಇದ್ದ ಕೆಲಸ ಒಂದು, ಸಂಜೆಗೆ ಮೂರಾಗಿತ್ತು. ಇರಲಿ ಬಿಡು ಎಂದು ಹಲೋ ಅಣ್ಣ ಫೋನ್ ಆಫ್ ಮಾಡಿ, ಹೆಂಡತಿಯ ಪಕ್ಕ ಬಂದು ಕೂತ. ಪರದೆ ಎದ್ದಿತು.

ರಾಣಿ ಬಂದಳು. ಮಗಳಲ್ಲ. ಸರಿ, ಮಂತ್ರಿಯಿರಬೇಕು. ಮಂತ್ರಿಯ ಗಡ್ಡದೊಳಗೆ ಇಣುಕಿ ನೋಡಿದ, ಯಾವುದೋ ಹುಡುಗ. ಕಾವಲುಗಾರರು ಅವಳಿಗಿಂತ ಉದ್ದ. ಒಂದು ಕುದುರೆ ಬಂತು. ಅದರ ಹಿಂಗಾಲುಗಳ ನಡಿಗೆ ಅವನಿಗೆ ತಮ್ಮ ಮನೆತನದ್ದೇ ಅನಿಸಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕುದುರೆ ಬಿಚ್ಚಿಕೊಂಡಾಗ ಅದೂ ಬೇರೆಯವರ ಮಗ. ಒಂದು ಗಂಟೆ ನಾಟಕ ನಡೆಯಿತು. ಎಷ್ಟು ಚೆನ್ನಾಗಿ ನಡೆಯಿತೆಂದರೆ ಒಬ್ಬನೂ ಒಂದು ಕ್ಷಣ ತಡವಾಗಿ ಬರಲಿಲ್ಲ, ಒಬ್ಬನೂ ಇನ್ನೊಬ್ಬನ ಮೇಲೆ ಬೀಳಲಿಲ್ಲ. ಪರದೆ ಬಿತ್ತು. ಮಗಳು ಮಾತ್ರ ಎಲ್ಲೂ ಕಾಣಲಿಲ್ಲ.

"ಅವಳು ಬರಲೇ ಇಲ್ವಲ್ಲೇ?" ಅವನು ಕುರ್ಚಿಯಿಂದ ಅರ್ಧ ಎದ್ದ. ಹೆಂಡತಿ ನಗು ತಡೆದುಕೊಂಡು ವೇದಿಕೆಯ ಪಕ್ಕದ ಬಾಗಿಲಿನತ್ತ ಬೊಟ್ಟು ಮಾಡಿದಳು.

ಅಲ್ಲಿಂದ ಮಗಳು ಓಡಿ ಬಂದಳು. ವೇಷವಿಲ್ಲ, ಬಣ್ಣವಿಲ್ಲ. ಕೈಯಲ್ಲಿ ಒಂದು ಉದ್ದನೆ ಪಟ್ಟಿ, ದನಿ ಕೂಗಿ ಕೂಗಿ ಕಟ್ಟಿಹೋಗಿತ್ತು.

"ಅಪ್ಪಾ! ಬಂದಿದೀಯಾ ನೀನು! ಹೇಗಿತ್ತು?"

"ಚೆನ್ನಾಗಿತ್ತು ಪುಟ್ಟಿ. ನೀನೆಲ್ಲಿದ್ದೆ?"

"ಪರದೆ ಹಿಂದೆ. ಯಾರು ಯಾವಾಗ ಯಾವ ಕಡೆಯಿಂದ ಹೋಗಬೇಕು ಅಂತ ಎಲ್ಲರನ್ನೂ ಕಳಿಸೋದು ನಂದೇ ಕೆಲಸ. ನಾನು ಹೇಳದೆ ರಾಜನೂ ಅಲ್ಲಾಡೋ ಹಾಗಿಲ್ಲ." ಆಮೇಲೆ ನೆಲ ನೋಡುತ್ತ ಮೆಲ್ಲಗೆ ಹೇಳಿದಳು, "ಸ್ಟೇಜ್ ಮೇಲೆ ಕಾಣಿಸಲ್ಲ ಅಂತ ಗೊತ್ತಾದ್ರೆ ನೀನು ಬರಲ್ವೇನೋ ಅಂತ ಹೇಳಲಿಲ್ಲ. ಅಮ್ಮಂಗೂ ಹೇಳಬೇಡ ಅಂದಿದ್ದೆ."

ಹಲೋ ಅಣ್ಣನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಷ್ಟೆಲ್ಲ ಪಾಡುಪಟ್ಟು ಬಂದು, ಮಗಳ ನಾಟಕದಲ್ಲಿ ಮಗಳನ್ನು ಬಿಟ್ಟು ಉಳಿದವರನ್ನೆಲ್ಲ ನೋಡಿದ್ದ. ಅವಳನ್ನು ಎತ್ತಿಕೊಳ್ಳಲು ಹೋದ. ಎತ್ತುವ ವಯಸ್ಸು ದಾಟಿತ್ತು, ಆದರೂ ಎತ್ತಿಕೊಂಡ.

"ಮುಂದಿನ ವರ್ಷ ನಾನೂ ಪರದೆ ಹಿಂದೆ ಬಂದು ನಿಂತ್ಕೊಳ್ಳಾ?"

ಮಗಳು ಗಂಭೀರವಾಗಿ ಯೋಚಿಸಿದಳು. "ಟೀಚರ್ನ ಕೇಳಿ ನೋಡ್ತೀನಿ," ಎಂದಳು. "ಆದ್ರೆ ಅಪ್ಪಾ, ಅಲ್ಲಿ ನೀನು ಮಾತಾಡೋ ಹಾಗಿಲ್ಲ. ಹೇಳೋದೆಲ್ಲ ನಾನೇ."